ಅಮ್ಮನ ಪುಸ್ತಕ, ಮಗಳ ಪೆನ್ಸಿಲ್

ಗುರುತು ಸಿಗದ ಹಾಗೆ ಊರು, ಉದ್ಯೋಗ, ಮನೆಮಂದಿಯ ಕೆಲವು ವಿವರ ಬದಲಿಸಿದೆ. ಇದನ್ನು ಬರೆಯಲು ತಾಯಿಯ ಒಪ್ಪಿಗೆ ಇದೆ. ಪ್ರಕರಣವೇ ಅಂಥದ್ದಾದ್ದರಿಂದ ಮಗಳಿಗೂ ಓದಿ ಹೇಳಿ, ಅವಳು ಹೂಂ ಅಂದ ಮೇಲೆ ಬರೆದದ್ದು.

ಮೈಸೂರಿನಲ್ಲಿ ನೆಲೆಸಿರುವ 36ರ ಮಹಿಳೆ. ಅತ್ತೆಮನೆ ಪಾಂಡವಪುರದ ಕಡೆ ಹಳ್ಳಿ. ಒಬ್ಬಳೇ ಮಗಳು, 9 ವರ್ಷ, ನಾಲ್ಕನೇ ಕ್ಲಾಸು. ಆರು ವರ್ಷದಿಂದ ಈಕೆ ಹೆರಿಗೆ, ಬಾಣಂತನ, ಎದೆಹಾಲು ಬತ್ತಿದ ದಿನಗಳು, ಮಗುವಿನ ಹಟ ಅಂತ ಪತ್ರಿಕೆಯೊಂದಕ್ಕೆ ಬರೆಯುತ್ತ ಬಂದಿದ್ದಾರೆ. ಅಂಥ 38 ಬರಹ ಸೇರಿ ಯುಗಾದಿ ಹೊತ್ತಿಗೆ ಪುಸ್ತಕವಾಗಬೇಕಿತ್ತು. ಹಸ್ತಪ್ರತಿ ಕೊಡಲು ಎರಡು ತಿಂಗಳಿರುವಾಗ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದರು.

ಮೊದಲ ದಿನ ಹೇಳಿಕೊಂಡದ್ದು ನಿದ್ದೆಯ ತೊಂದರೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಒರೆಸಿ ಹೆರಿಗೆಯ ಅಧ್ಯಾಯ ತಿದ್ದಲು ಕೂರುವುದು, ಒಂದು ಗಂಟೆಗೆ ಎದ್ದರೂ ಕಣ್ಣು ಹತ್ತದಿರುವುದು, ಬೆಳಗ್ಗೆ ಮಗಳ ಮೇಲೆ ರೇಗುವುದು. ಕೆದಕಿದಾಗ ಇನ್ನೆರಡು ಹೊರಬಂದವು. ಮಗಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ ಕಾಲದ ಬರಹವೊಂದನ್ನು ಇನ್ನೊಬ್ಬ ತಾಯಿ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು, ಮೆಚ್ಚಿಕೊಂಡೇ. ಮಾರನೇ ದಿನ ಸ್ಕೂಲ್ ವ್ಯಾನಿನಲ್ಲಿ ಹುಡುಗರು ಅದನ್ನೇ ಹಿಡಿದುಕೊಂಡರು. ಇನ್ನೊಂದು ಅತ್ತೆಯದು. ತಾಯಿಯಿಲ್ಲದ ಈಕೆಗೆ ಬಾಣಂತನ ಮಾಡಿದ್ದು ಅತ್ತೆಯೇ. ದಿನಕ್ಕೆ ಎರಡು ಲೋಟದ ಮೇಲೆ ನೀರು ಕೊಡದಿದ್ದುದನ್ನು ಸೊಸೆ ಬರೆದಿದ್ದರು. ಅತ್ತೆಗೆ ಓದು ಬರದು. ಮದುವೆ ಊಟದ ಪಂಕ್ತಿಯಲ್ಲಿ ಯಾರೋ ಆಡಿಕೊಂಡದ್ದು ಕಿವಿಗೆ ಬಿತ್ತು. "ತಾಯಿಲ್ದ ಹುಡ್ಗಿ ಅಂತ ಮೂರ್ ತಿಂಗ್ಳು ಬೆನ್ಗೆ ನೀರ್ ಹುಯ್ದೆ, ಅದ್ನೇ ಪೇಪರ್ಗೆ ಹಾಕವ್ಳೆ" ಎಂದು ಮಗನಿಗೆ ಫೋನು. ಗಂಡ ಹೆಂಡತಿಗೂ ಅಮ್ಮನಿಗೂ ನಡುವೆ ಸಿಕ್ಕಿ ಕಂಡುಕೊಂಡ ದಾರಿ ಒಂದೇ: "ಬರೆಯೋದ್ ಬಿಟ್ಬಿಡು."

ಈ ಮಾತನ್ನು ಇಂಥ ಮನೆಗಳಲ್ಲೆಲ್ಲ ಕೇಳಬಹುದು. ಅದು ಉಪಯೋಗಕ್ಕೆ ಬಾರದು. ಬರೆಯುವುದು, ಅಚ್ಚಿಗೆ ಕೊಡುವುದು ಎರಡೂ ಬೇರೆ ಕೆಲಸ. ಈಕೆಗೆ ಬರೆಯುವುದರಿಂದ ಸಮಾಧಾನ ಸಿಕ್ಕಿತ್ತು, ಗೋಳು ಶುರುವಾದದ್ದು ಅಚ್ಚಿನಿಂದ. ಹಾಗಾಗಿ ನೋಟ್‌ಬುಕ್ಕಿಗೆ ಯಾವ ಕಟ್ಟೂ ಹಾಕಲಿಲ್ಲ. ಪುಸ್ತಕಕ್ಕೆ ಹೋಗುವ ಒಂದೊಂದು ಹಾಳೆಯನ್ನೂ ಸೋಸಲು ಕೂತೆವು.

ಅದಕ್ಕೆ ಮುಂಚೆ ನಿದ್ದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 11 ಬಂತು. ಹತ್ತು ದಾಟಿದರೆ ಸುಮ್ಮನೆ ಬಿಡುವ ಹಾಗಿಲ್ಲ. ಸಾಯುವ ಯೋಚನೆಯ ಬಗೆಗಿನ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಇದ್ದುದರಿಂದ ಎರಡು ವಾರ ನೋಡೋಣ, ಇಳಿಯದಿದ್ದರೆ ಮನೋವೈದ್ಯರಲ್ಲಿಗೆ ಎಂದು ತೀರ್ಮಾನವಾಯಿತು. ಹೆರಿಗೆಯ ಅಧ್ಯಾಯ ತಿದ್ದುವುದನ್ನು ಬೆಳಗ್ಗೆ ಹತ್ತೂವರೆಗೆ ಬದಲಿಸಿ, 40 ನಿಮಿಷಕ್ಕೆ ಅಲಾರಂ ಇಟ್ಟು, ಮುಗಿದ ಕೂಡಲೇ ತರಕಾರಿಗೋ ಬಟ್ಟೆ ಒಣಹಾಕಲೋ ಎದ್ದು ಹೋಗುವಂತೆ ಹೇಳಲಾಯಿತು. ನೋವಿನ ನೆನಪನ್ನು ಬರೆದವರೇ ಹತ್ತಿಪ್ಪತ್ತು ಸಲ ತಿದ್ದುವಾಗ ಓದುಗರಿಗಿಂತ ಹೆಚ್ಚು ಸಲ ಅದರೊಳಗೆ ಹೋಗಿ ಬರುತ್ತಾರೆ. ಮಲಗುವ ಮುಂಚೆ ಅದನ್ನು ಮಾಡಿದರೆ ಮೈ ಎಚ್ಚರವಾಗಿಯೇ ಉಳಿಯುತ್ತದೆ. ಎರಡು ವಾರಕ್ಕೆ 11 ಇದ್ದದ್ದು 6ಕ್ಕೆ ಬಂತು.

ಇನ್ನು ಹಸ್ತಪ್ರತಿ. 38 ಬರಹವನ್ನೂ ಒಂದೇ ಮಗ್ಗುಲಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತರಲು ಹೇಳಿದೆವು. ಮೊಬೈಲಿನಲ್ಲಿ ಓದಿದರೆ ಎಲ್ಲವೂ ತನ್ನದೇ ಅನಿಸುತ್ತದೆ, ಕಾಗದದಲ್ಲಿ ಪರರ ಕಣ್ಣು ಬರುತ್ತದೆ. ಪ್ರತಿ ಬರಹದ ತಲೆಯ ಮೇಲೆ ಒಂದೇ ಪ್ರಶ್ನೆಗೆ ಉತ್ತರ: ಇದು ಹೊರಬಿದ್ದರೆ ನಾಳೆ ಬೀದಿಯಲ್ಲಿ ಯಾರನ್ನು ನಿಲ್ಲಿಸಿ ಕೇಳುತ್ತಾರೆ? ಲೆಕ್ಕ ಹೀಗೆ ಬಂತು: ತಾಯಿಯದೇ 11, ಮಗಳದು 17, ಅತ್ತೆ, ಓರಗಿತ್ತಿ, ನೆರೆಯವರದು 6, ಯಾರದೆಂದು ಹೇಳಲಾಗದವು 4. ತಾಯ್ತನದ ಪುಸ್ತಕ ಎಂದುಕೊಂಡಿದ್ದರಲ್ಲಿ ತಾಯಿಯದು ಮೂರನೇ ಒಂದು ಪಾಲೂ ಇರಲಿಲ್ಲ. ಆಕೆ ಹಾಳೆಗಳನ್ನು ಎರಡನೇ ಸಲ ಎಣಿಸಿದರು.

ವಾಕ್ಯದ ಕರ್ತೃ ಬದಲಿಸಿದರೆ, 'ಅವಳು' ಇದ್ದಲ್ಲಿ 'ನಾನು' ಎಂದರೆ, ಸರಿಹೋಗುತ್ತದೆಯೇ ಎಂದು ಕೇಳಿದರು. ಕೆಲವು ಕಡೆ ಹೋಗುತ್ತದೆ. 'ಅವಳು ಊಟ ಉಗಿದಳು' ಎಂಬುದನ್ನು 'ಮೂರನೇ ಸಲ ಅನ್ನ ಕಲಸುವಾಗ ನನಗೆ ಅಳು ಬಂತು' ಎಂದು ತಿರುಗಿಸಿದರೆ ಬರಹವೂ ಗಟ್ಟಿಯಾಯಿತು, ಮಗುವೂ ಹಗುರಾಯಿತು. ಆದರೆ 'ಆ ರಾತ್ರಿ ಮತ್ತೆ ಬೆಡ್‌ಶೀಟ್ ನೆನೆಹಾಕಿದೆ' ಎಂದು ಬರೆದರೆ ಯಾಕೆಂದು ಯಾರಿಗೆ ತಿಳಿಯದು? ಮೈಗೆ ಸಂಬಂಧಿಸಿದ್ದು, ಮಾರ್ಕ್ಸು, ಕಾಯಿಲೆ, ಕದ್ದದ್ದು, ಸುಳ್ಳು ಹೇಳಿದ್ದು, ಹೆದರಿದ್ದು – ಇವಕ್ಕೆ ವಾಕ್ಯ ತಿದ್ದುವ ಉಪಾಯ ನಡೆಯದು. ಬಿಡಬೇಕು, ಇಲ್ಲವೇ ಮಗು ದೊಡ್ಡದಾಗುವವರೆಗೆ ಕಾಯಬೇಕು. ಶಾಲೆಯ ಹೆಸರು, ಯೂನಿಫಾರಂ ಬಣ್ಣ, ವ್ಯಾನ್ ಬರುವ ಹೊತ್ತು, ಮನೆಯ ಅಡ್ಡರಸ್ತೆ ಯಾವುದೂ ಇರಬಾರದು. ಎಣ್ಣೆನೀರಿನ ಒಂದು ಫೋಟೊವನ್ನು ಮೊದಲೇ ತೆಗೆಸಿದೆವು.

ಮಗಳನ್ನು ಕೇಳುವ ವಿಧಾನಕ್ಕೆ ಒಂದು ಪೂರ್ತಿ ಭೇಟಿ ಹೋಯಿತು, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. "ಹಾಕ್ಲಾ ಪುಟ್ಟಿ, ಪರ್ವಾಗಿಲ್ವಾ?" ಎಂದು ನಗುತ್ತ ಕೇಳಿದರೆ ಯಾವ ಮಗುವೂ ಹೂಂ ಎನ್ನುತ್ತದೆ. ಅಪ್ಪ ಎದುರಿಗಿದ್ದಾಗ, ಹೊಸ ಬಟ್ಟೆ ಕೊಡಿಸಿದ ದಿನ, ನಿದ್ದೆಗಣ್ಣಿನಲ್ಲಿ ಕೇಳುವುದೂ ಅಷ್ಟೇ. ಐದಾರು ವರ್ಷದೊಳಗಿನ ಮಗುವಿಗೆ ಅಚ್ಚು ಎಂದರೇನೆಂದೇ ಗೊತ್ತಿರುವುದಿಲ್ಲ. ಅಲ್ಲಿ ಒಪ್ಪಿಗೆ ಕೇಳುವುದೇ ನಾಟಕ, ತಾಯಿಯೇ ಬಿಗಿಯಾಗಿರಬೇಕು. ಏಳರಿಂದ ಹತ್ತರವರೆಗಿನವರಿಗೆ ಪೂರ್ತಿ ಓದಿ ಹೇಳಿ, "ನಿನ್ ಕ್ಲಾಸಿನೋರು ಇದನ್ನ ಓದಿದ್ರೆ ಏನಂತಾರೆ?" ಎಂದು ಕೇಳಿ, ಉತ್ತರಕ್ಕೆ ಒಂದೆರಡು ದಿನ ಬಿಡಬೇಕು. ಹನ್ನೊಂದು ದಾಟಿದವರ ಬೇಡ ಎಂದರೆ ಬೇಡವೇ, ಕಾರಣ ಕೇಳುವಂತಿಲ್ಲ. ಅಚ್ಚಿಗೆ ಹೋಗುವ ಮುನ್ನ ಪ್ರೂಫ್ ಹಂತದಲ್ಲಿ ಇನ್ನೊಂದು ಸಲ ಕೇಳುವುದು. ಪ್ರಿಂಟಾದ ಮೇಲೆ ಅಮ್ಮನ ಕ್ಷಮೆಯೂ ಪ್ರತಿಗಳನ್ನು ವಾಪಸು ತರಲಾರದು ಎಂಬುದನ್ನೂ ಮಗುವಿಗೆ ಹೇಳಬೇಕು.

ಶನಿವಾರ ಮಧ್ಯಾಹ್ನ ಆ 17 ಬರಹ, ಒಂದು ಪೆನ್ಸಿಲ್. ಸರಿ ಇದ್ದರೆ ಗೀಟು, ತಿದ್ದಬೇಕಿದ್ದರೆ ಸೊನ್ನೆ, ಬೇಡವಾದರೆ ಅಡ್ಡಗೆರೆ. ಸೋಮವಾರ ವಾಪಸು ಬಂದಾಗ 9 ಗೀಟು, 5 ಸೊನ್ನೆ, 3 ಅಡ್ಡಗೆರೆ. ಹಾಸಿಗೆಯ ಬರಹಕ್ಕೆ ಅಡ್ಡಗೆರೆ ಇರಲಿಲ್ಲ. ಅದಿದ್ದದ್ದು ತಾಯಿಗೆ ತೀರ ಮುದ್ದಾಗಿ ಕಂಡಿದ್ದ ಒಂದು ಬರಹಕ್ಕೆ: ಮೂರು ವರ್ಷದವಳಿದ್ದಾಗ ಸಕ್ಕರೆಗೆ 'ತಕ್ಕಲೆ' ಎನ್ನುತ್ತಿದ್ದಳು ಎಂಬುದು. ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿದಿತ್ತು. ಪಕ್ಕದಲ್ಲಿ ಕೋಲಕ್ಷರ: "ನಾನು ಇವಾಗ ಸರಿಯಾಗಿ ಹೇಳ್ತೀನಿ." ಹಾಸಿಗೆಯದಕ್ಕೆ ಯಾಕೆ ಗೀಟು ಎಂದರೆ "ಎಲ್ರಿಗೂ ಗೊತ್ತಾಗೋಯ್ತಲ್ಲ" ಎಂದಳಂತೆ. ಇದು ಒಪ್ಪಿಗೆಯಲ್ಲ, ಕೈಚೆಲ್ಲುವಿಕೆ. ಆ ಬರಹವನ್ನೂ ತೆಗೆಯಲು ಸಲಹೆ ಕೊಟ್ಟೆವು. ತಾಯಿ ಮಗಳಿಗೆ ಹಾಗೆಂದು ಹೇಳಿ ತೆಗೆದರು, ಗುಟ್ಟಾಗಿ ಅಲ್ಲ.

ಅತ್ತೆಯ ಬರಹವನ್ನು ಕಥೆ ಮಾಡಿಬಿಡಲೇ ಎಂಬ ಪ್ರಶ್ನೆ ಬಂತು. ಮೈಸೂರಿನವರೇ ಆದ, ಮನಃಶಾಸ್ತ್ರ ಓದಿದ ತ್ರಿವೇಣಿ ಬಾಣಂತಿಯ ಮನೋವ್ಯಾಧಿಯನ್ನು 'ಶರಪಂಜರ'ದ ಕಾವೇರಿಯ ಮೂಲಕ ಹೇಳಿದರು ನಿಜ. ಆದರೆ ಅಂಕಣವಾಗಿ ಒಮ್ಮೆ ಬಂದದ್ದಕ್ಕೆ ಹೆಸರು ಬದಲಿಸಿ ಕಥೆ ಎಂದರೆ ಊರಿನವರಿಗೆ ಇನ್ನೂ ರುಚಿ. ಬದಲಿಗೆ ಬಿಟ್ಟುಹೋದದ್ದನ್ನು ಸೇರಿಸಲು ಹೇಳಿದೆವು: ನಸುಕಿಗೆ ಒಲೆ ಹಚ್ಚಿ ನೀರು ಕಾಯಿಸಿದ್ದು, ರಾತ್ರಿ ಮಗು ಎತ್ತಿಕೊಂಡು ತಿರುಗಿದ್ದು. ನೀರು ಕೊಡದ ವಿಷಯವೂ ಉಳಿಯಬೇಕು, ಮುಚ್ಚಿಡುವಂಥದ್ದಲ್ಲ. ಬಾಣಂತಿ ನೀರು ಕಮ್ಮಿ ಕುಡಿದರೆ ಮಲಬದ್ಧತೆ, ಉರಿಮೂತ್ರದ ಜೊತೆಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ಅದು ಅತ್ತೆಯ ಕೆಡುಕಲ್ಲ, ಅವರ ಅತ್ತೆಯಿಂದ ಬಂದ ಪದ್ಧತಿ ಎಂಬುದಷ್ಟು ಸೇರಿದರೆ ಸಾಕು. ಅಚ್ಚಿಗೆ ಮುಂಚೆ ಊರಿಗೆ ಹೋಗಿ ಓದಿ ಹೇಳಬೇಕು, ಫೋನಿನಲ್ಲಲ್ಲ. ಹೋದರು. ಅತ್ತೆ ಪೂರ್ತಿ ಕೇಳಿ, "ಎರಡ್ ಲೋಟ ಅಲ್ಲ ಕಣವ್ವ, ಮೂರು" ಎಂದು ತಿದ್ದಿದರು. ಮನಸ್ತಾಪ ಪೂರ್ತಿ ಹೋಗಿಲ್ಲ, ಮಾತು ಬಂದಿದೆ.

ಹೆರಿಗೆ ವಾರ್ಡಿನಲ್ಲಿ ಬೈದು ಹೊಡೆದದ್ದನ್ನು ಬರೆದಿದ್ದ ಕಡೆ ಆಸ್ಪತ್ರೆ, ಸಿಬ್ಬಂದಿಯ ಗುರುತು ತೆಗೆಸಿದೆವು. ನಡೆದದ್ದೇ ಬರೆದೆ ಎಂಬುದಷ್ಟೇ ಕ್ರಿಮಿನಲ್ ಮಾನಹಾನಿ ಮೊಕದ್ದಮೆಯಲ್ಲಿ ಸಾಲದು, ಸಾರ್ವಜನಿಕ ಹಿತಕ್ಕಾಗಿ ಎಂಬುದನ್ನೂ ತೋರಿಸಬೇಕಾಗುತ್ತದೆ. ಬೈದ ಮಾತುಗಳು ಹಾಗೇ ಇವೆ.

ಒಂದು ಪದದ ವಿಚಾರದಲ್ಲಿ ಸ್ವಲ್ಪ ಜಗ್ಗಾಟವೇ ಆಯಿತು. ತನ್ನ ಬೇಸರವನ್ನು ಆಕೆ ಉದ್ದಕ್ಕೂ 'ಬಾಣಂತಿ ಸನ್ನಿ' ಎಂದು ಬರೆದಿದ್ದರು, ಚೆಂದ ಕೇಳುತ್ತದೆಂದು. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಬರುವ ಅಳು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದದ್ದು ಖಿನ್ನತೆ. ಅದಕ್ಕೆ 10 ಪ್ರಶ್ನೆಗಳ ಎಡಿನ್‌ಬರೋ ಮಾಪಕವಿದೆ, ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವುದರ ಬಗ್ಗೆ. ಅದಕ್ಕೆ ಸೊನ್ನೆಯಲ್ಲದ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ತಡಮಾಡಬಾರದು. ಸನ್ನಿ ಇವೆರಡೂ ಅಲ್ಲ: ನಿದ್ದೆಯೇ ಬೇಡವಾಗುವುದು, ಅಸಂಬದ್ಧ ಮಾತು, ಮಗುವನ್ನು ಬದಲಿಸಿದ್ದಾರೆಂಬ ಅನುಮಾನ. ಬಹುಪಾಲು ಮೊದಲ ಎರಡು ವಾರದಲ್ಲೇ ಕಾಣಿಸಿಕೊಳ್ಳುತ್ತದೆ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕಾದದ್ದು. ಬೇಸರಕ್ಕೂ ಸನ್ನಿ ಎಂದು ಬರೆದರೆ, ನಿಜವಾದ ಸನ್ನಿ ಬಂದ ಮನೆಯವರು 'ಅವರಿಗೂ ಆಗಿತ್ತಂತೆ, ಹೋಯ್ತಂತೆ' ಎಂದು ಕೂತುಬಿಡುತ್ತಾರೆ. ಹದಿನಾಲ್ಕು ಕಡೆ ಪದ ಬದಲಾಯಿತು.

ಓದುಗ ತಾಯಂದಿರ ಸಂದೇಶಗಳಿಗೆ ರಾತ್ರಿಯೆಲ್ಲ ಉತ್ತರಿಸುವುದೂ ನಿಂತಿತು. ನಾಲ್ಕು ಸಾಲಿನ ಒಂದು ಉತ್ತರ ಬರೆದಿಟ್ಟುಕೊಂಡಿದ್ದಾರೆ: ಓದಿದ್ದೇನೆ, ನಾನು ಸಲಹೆಗಾರ್ತಿಯಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮನೆಯಲ್ಲಿ ಒಬ್ಬರಿಗೆ ಇವತ್ತೇ ಹೇಳಿ.

ಪ್ರಕಾಶಕರು ಕೊಟ್ಟಿದ್ದ ಒಂದು ಪುಟದ ಪತ್ರದಲ್ಲಿ 'ಎಲ್ಲ ಹಕ್ಕುಗಳು' ಎಂದಷ್ಟೇ ಇತ್ತು. ಅದನ್ನು ವಕೀಲರಿಗೆ ತೋರಿಸಲು ಹೇಳಿದೆವು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದಾಗುತ್ತದೆ. ಮರುಮುದ್ರಣದಲ್ಲಿ ಯಾವ ಬರಹವನ್ನಾದರೂ ಕೈಬಿಡುವ ಅಧಿಕಾರ ಲೇಖಕಿಯದು ಎಂಬ ಸಾಲು ಸೇರಿತು. ಮಗಳು ಹದಿನೈದಾದಾಗ ಮನಸ್ಸು ಬದಲಿಸಿದರೆ ಕೈಗೆ ಬರುವುದು ಈ ಸಾಲೇ.

ಎಲ್ಲ ಕಳೆದು 34 ಬರಹ, 139 ಪುಟ. ಡೆಮಿ 1/8 ಅಳತೆಯಲ್ಲಿ 16 ಪುಟಕ್ಕೊಂದು ಫಾರಂ (ಒಟ್ಟಿಗೆ ಅಚ್ಚಾಗುವ ಹಾಳೆ) ಲೆಕ್ಕ ಹಾಕಿದರೆ 144 ಆಗಬೇಕು, 5 ಪುಟ ಖಾಲಿ ಬಿತ್ತು. 'ತಕ್ಕಲೆ' ಬರಹ ಸರಿಯಾಗಿ ಐದೇ ಪುಟ, ಹಾಕಿಬಿಡಿ ಎಂದರು ಪ್ರಕಾಶಕರು. ಆಕೆ ಒಪ್ಪಲಿಲ್ಲ. ಒಂದು ಪುಟಕ್ಕೆ 14416 ಮತ್ತು ಅಪಾಯದ ಲಕ್ಷಣಗಳು ಹೋದವು. ಉಳಿದ ನಾಲ್ಕು ಖಾಲಿಯೇ ಅಚ್ಚಾಗಲಿವೆ.