ಪ್ರತಿಕ್ರಿಯೆ: ಊಟದ ಹೊತ್ತಿಗೆ ಒಬ್ಬಳೇ ಕೂರುವ ಮಗಳು

ಮೇಡಂ, ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ, ಅದೂ ಹೊಸ ಹೈಸ್ಕೂಲಿಗೆ ಬಂದ ಮಗಳು ಒಬ್ಬಳೇ ಡಬ್ಬಿ ಬಿಚ್ಚುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. ಓದಿ ಸಂಕಟವಾಯಿತು. "ಹೋಗಿ ಎಲ್ಲರ ಹತ್ತಿರ ಮಾತಾಡು" ಅಂತ ಮಾತ್ರ ಒತ್ತಾಯ ಮಾಡಬೇಡಿ. ನಾಚಿಕೆ ಜಾಸ್ತಿ ಇರುವ ಮಕ್ಕಳಿಗೆ ಮಾತಿಗಿಂತ ಮೊದಲು ಕೈಗೊಂದು ಕೆಲಸ ಬೇಕು, ಅಲ್ವಾ? ಪ್ರತಿಭಾ ಕಾರಂಜಿಯ ಜಾನಪದ ನೃತ್ಯಕ್ಕೆ ಸೇರಿಸಿ. ಒಬ್ಬರ ಜಡೆ ಇನ್ನೊಬ್ಬರು ಹೆಣೆಯುವಾಗ, ಸೆರಗಿಗೆ ಪಿನ್ನು ಚುಚ್ಚುವಾಗ ಮಾತು ತಾನಾಗಿ ಶುರುವಾಗುತ್ತದೆ. ಶಾಲೆಯಲ್ಲಿ ಎನ್‌ಸಿಸಿ, ಗೈಡ್ಸ್ ಇದ್ದರೆ ಅದೂ ಒಳ್ಳೆಯದೇ. ಕ್ಲಾಸ್ ಟೀಚರಿಗೆ ಸದ್ದಿಲ್ಲದೆ ವಿಷಯ ತಿಳಿಸಿ. ಒಬ್ಬಳು ಗೆಳತಿ ಸಿಕ್ಕರೂ ಸಾಕು. ಶಾಲೆಗೇ ಹೋಗಲ್ಲ ಅಂದರೆ, ಊಟ ನಿದ್ದೆ ಕೆಟ್ಟರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.