ಹಳೆಯ ಮನೆ ಕೊಳ್ಳುವ ಮುನ್ನ ಒಳಚರಂಡಿ ಲೈನನ್ನು ಪರೀಕ್ಷೆ ಮಾಡಿಸಬೇಕೇ?

ಮಲ್ಲೇಶ್ವರದಲ್ಲಿ 1970ರ ದಶಕದ ಮನೆಯೊಂದನ್ನು ಕೊಳ್ಳಲು ಹೊರಟಿದ್ದೀರಿ, ವಕೀಲರು ಇಸಿ (ಋಣಭಾರ ಪತ್ರ), ಖಾತಾ, ತೆರಿಗೆ ರಸೀದಿಗಳನ್ನೆಲ್ಲ ನೋಡಿ ಒಪ್ಪಿದ್ದಾರೆ. ಒಳಚರಂಡಿಯ ಲೈನನ್ನೂ ಪರೀಕ್ಷೆ ಮಾಡಿಸಬೇಕೇ, ಹಾಗೆ ಕೇಳಿದರೆ ಮನೆ ಮಾರುತ್ತಿರುವ ಹಿರಿಯರು ಬೇಸರಪಟ್ಟುಕೊಳ್ಳುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಖಂಡಿತವಾಗಿ ಮಾಡಿಸಬೇಕು, ಅದೂ ಕರಾರು ಪತ್ರಕ್ಕೆ ಸಹಿ ಹಾಕಿ ಮುಂಗಡ ಕೊಡುವ ಮೊದಲೇ ಮಾಡಿಸಬೇಕು. ಕ್ರಯಪತ್ರ ನೋಂದಣಿಯಾದ ಮರುದಿನದಿಂದ ನೆಲದಡಿಯ ಪೈಪಿನ ಪ್ರತಿಯೊಂದು ಬಿರುಕೂ ನಿಮ್ಮದೇ ಆಗಿರುತ್ತದೆ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಅದೇ ಭಾಗದಲ್ಲಿ, ಅಷ್ಟೇ ಹಳೆಯದಾದ ಮನೆಯೊಂದನ್ನು ನಾವು ಒಂದು ಫೆಬ್ರವರಿಯಲ್ಲಿ ಕೊಂಡೆವು. ಗೋಡೆ, ತಾರಸಿ, ವೈರಿಂಗ್ ಎಲ್ಲವನ್ನೂ ಎಂಜಿನಿಯರೊಬ್ಬರಿಂದ ನೋಡಿಸಿದ್ದೆವು. ನೆಲದಡಿಯದನ್ನು ಯಾರೂ ನೋಡಲಿಲ್ಲ, ನಾವೂ ಕೇಳಲಿಲ್ಲ. ಮೇ ತಿಂಗಳ ಮೊದಲ ದೊಡ್ಡ ಮಳೆಯ ಸಂಜೆ ಕೆಳಗಿನ ಬಚ್ಚಲಿನ ನಹಾನಿ ಟ್ರ್ಯಾಪಿನಿಂದ (ನೆಲದ ನೀರು ಹೋಗುವ ಜಾಲರಿಯ ಬಾಯಿ) ಗೊಳಗೊಳ ಸದ್ದು ಬರತೊಡಗಿತು. ಜಾಲರಿಯ ತೂತುಗಳಲ್ಲಿ ಮೊದಲು ಗುಳ್ಳೆಗಳು, ಆಮೇಲೆ ಕಪ್ಪು ನೀರು ಕಾಣಿಸಿಕೊಂಡವು. ಅರ್ಧ ಗಂಟೆಯೊಳಗೆ ಆ ನೀರು ಬಚ್ಚಲಿನ ಹೊಸ್ತಿಲು ದಾಟಿ ಅಮ್ಮ ಮಲಗುವ ಕೋಣೆಗೆ ಬಂತು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಇನ್ನೂ ತಿಂಗಳು ತುಂಬಿರದ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಿನ ಮಹಡಿಗೆ ಹೊತ್ತೊಯ್ಯಬೇಕಾಯಿತು. ವಾರದ ನಂತರ ಪಕ್ಕದ ಓಣಿಯನ್ನು ಅಗೆಸಿದಾಗ ಪೈಪಿನ ಒಂದು ಸಂದಿಯಿಂದ ಮೇಸ್ತ್ರಿ ಎಳೆದು ತೆಗೆದದ್ದು ಮೊಳದುದ್ದದ ಬೇರಿನ ಗಂಟು. ಕೂದಲಿನಷ್ಟು ಸಣ್ಣ ಎಳೆಗಳು ಜಿಡ್ಡಿನಲ್ಲಿ ಹೆಣೆದುಕೊಂಡು ಪೈಪಿನ ಆಕಾರವನ್ನೇ ತಾಳಿದ್ದವು.

ಆ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುತ್ತಿದ್ದದ್ದು ಮೆರುಗು ಕೊಟ್ಟ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪು. ಪೈಪು ತಾನಾಗಿ ಸವೆಯುವಂಥದ್ದಲ್ಲ, ತಲೆಮಾರುಗಳ ಕಾಲ ಬಾಳುತ್ತದೆ. ಅದರ ದೌರ್ಬಲ್ಯವಿರುವುದು ಸಂದಿಯಲ್ಲಿ. ಒಂದೊಂದು ತುಂಡೂ ಹೆಚ್ಚೆಂದರೆ ಎರಡು ಮೂರು ಅಡಿ ಉದ್ದವಿರುವುದರಿಂದ, ಹಿತ್ತಲಿನಿಂದ ರಸ್ತೆಯವರೆಗಿನ 40 ಅಡಿಯ ಲೈನಿನಲ್ಲಿ 20ರವರೆಗೂ ಸಂದಿಗಳಿರುತ್ತವೆ, ಪ್ರತಿಯೊಂದನ್ನೂ ಸೆಣಬಿನ ನಾರು ಮತ್ತು ಸಿಮೆಂಟ್ ಗಾರೆಯಿಂದ ಮುಚ್ಚಿರುತ್ತಾರೆ. ಮಣ್ಣು ಕುಸಿದಾಗ ಈ ಗಾರೆ ಬಿರಿಯುತ್ತದೆ, ತೇವವನ್ನು ಅರಸಿ ಬರುವ ಬೇರುಗಳು ಒಳಹೋಗುತ್ತವೆ, ಸೋರಿದ ನೀರು ಸುತ್ತಲಿನ ಮಣ್ಣನ್ನು ಕೊಚ್ಚಿಕೊಂಡು ಹೋಗಿ ನೆಲದಡಿಯಲ್ಲಿ ಪೊಳ್ಳು ಉಂಟಾಗುತ್ತದೆ. ಇದೆಲ್ಲಕ್ಕಿಂತ ನನಗೆ ಹೆಚ್ಚು ಭಯವಾಗುವುದು ಸಂಪಿನ ವಿಷಯದಲ್ಲಿ. ಹಳೆಯ ಮನೆಗಳಲ್ಲಿ ಸಂಪೂ ಚರಂಡಿಯೂ ಮನೆಯ ಮುಂದಿನ ಅದೇ ಇಕ್ಕಟ್ಟಿನ ಜಾಗದಲ್ಲಿ ಪಕ್ಕಪಕ್ಕ ಇರುವುದುಂಟು; ಎರಡರಲ್ಲೂ ಬಿರುಕಿದ್ದರೆ ಕುಡಿಯುವ ನೀರಿಗೆ ಏನು ಸೇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಪಿನ ನೀರನ್ನು ಕೋಲಿಫಾರ್ಮ್ (ಮಲದ ಕಲ್ಮಶವನ್ನು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ದಯವಿಟ್ಟು ಕಳುಹಿಸಿ.

ಮಲ್ಲೇಶ್ವರದಲ್ಲಿ ವಿಶೇಷವಾಗಿ ತಿಳಿದುಕೊಳ್ಳಬೇಕಾದದ್ದು ಲೈನು ಯಾವ ಕಡೆಗೆ ಹೋಗುತ್ತದೆ ಎಂಬುದು. ಬಡಾವಣೆ ರೂಪುಗೊಂಡದ್ದು 1898ರ ಪ್ಲೇಗಿನ ಆಸುಪಾಸಿನಲ್ಲಿ. ಜಲಮಂಡಳಿ ಸ್ಥಾಪನೆಯಾದದ್ದು 1964ರಲ್ಲಿ. ಮೊದಲಿನ ಮನೆಗಳಲ್ಲಿ ಪಾಯಿಖಾನೆ ಹಿತ್ತಲಿನ ಕೊನೆಯಲ್ಲಿ, ಕನ್ಸರ್ವೆನ್ಸಿ ಗಲ್ಲಿಗೆ (ಮಲ ಸಾಗಿಸಲು ಮನೆಗಳ ಹಿಂದೆ ಬಿಟ್ಟಿದ್ದ ಓಣಿ) ತಾಗಿಕೊಂಡಿರುತ್ತಿತ್ತು. ನೀವು ನೋಡಿರುವ ಮನೆ 70ರ ದಶಕದ್ದಾದರೂ, ಅದೇ ನಿವೇಶನದಲ್ಲಿ ಮೊದಲಿದ್ದ ಮನೆಯ, ಹಿತ್ತಲಿನ ಕಡೆಗೆ ಹೋಗುವ ಲೈನನ್ನೇ ಬಳಸಿಕೊಂಡಿರುವ ಸಾಧ್ಯತೆಯಿದೆ. ಅಣ್ಣತಮ್ಮಂದಿರು ಭಾಗವಾಗಿ ನಿವೇಶನವನ್ನು ಹಂಚಿಕೊಂಡಿದ್ದರೆ, ಮುಂದಿನ ಮನೆಯ ಪೈಪು ಹಿಂದಿನ ಭಾಗದವರ ಅಡುಗೆಮನೆಯ ಕೆಳಗೆ ಹಾದುಹೋಗಿರಬಹುದು. ಮನೆಯವರು ಒಂದೇ ಕುಟುಂಬದವರಾಗಿರುವ ತನಕ ಅದು ಯಾರಿಗೂ ತೊಂದರೆಯಲ್ಲ; ನೀವು ಹೊರಗಿನವರಾಗಿ ಬಂದ ಮೇಲೆ ಅವರು ಒಂದು ದಿನ ಪೈಪನ್ನು ಮುಚ್ಚಿಬಿಟ್ಟರೆ ತೋರಿಸಲು ನಿಮ್ಮ ಬಳಿ ಕಾಗದವಿರುವುದಿಲ್ಲ. ಅಂಥ ಸಂದರ್ಭವಿದ್ದರೆ ಈಸ್‌ಮೆಂಟ್ ಹಕ್ಕನ್ನು (ಬೇರೆಯವರ ಜಾಗದಲ್ಲಿ ಪೈಪು ಹಾಯಿಸುವ ಹಕ್ಕು) ಬರವಣಿಗೆಯಲ್ಲಿ ಪಡೆಯದೆ ವಕೀಲರು ಮುಂದುವರಿಯಬಾರದು. ನೀರಿನ ಬಿಲ್ಲಿನಲ್ಲಿ ಸ್ಯಾನಿಟರಿ ಶುಲ್ಕ ನಮೂದಾಗಿದೆ ಎಂದು ಸಮಾಧಾನಪಡಬೇಡಿ. ಶುಲ್ಕ ಕಟ್ಟುತ್ತಿದ್ದಾರೆಂಬುದಷ್ಟೇ ಅದರಿಂದ ತಿಳಿಯುತ್ತದೆ, ಪೈಪು ಎಲ್ಲಿಗೆ ಸೇರಿದೆಯೆಂಬುದು ತಿಳಿಯುವುದಿಲ್ಲ.

ಪರೀಕ್ಷೆಯ ದಿನ ಅನುಭವಸ್ಥ ಪ್ಲಂಬರರನ್ನು ಕರೆದುಕೊಂಡು ಹೋಗಿ, ಮನೆಯ ಆವರಣದಲ್ಲಿರುವ ಚೇಂಬರುಗಳ (ಲೈನನ್ನು ನೋಡಲು, ತೊಳೆಯಲು ಕಟ್ಟಿದ ಗುಂಡಿಗಳು) ಮುಚ್ಚಳಗಳನ್ನೆಲ್ಲ ತೆಗೆಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಒಂದೊಂದೇ ಬಚ್ಚಲಿನಲ್ಲಿ ರಂಗೋಲಿ ಬಣ್ಣ ಕದಡಿದ ನೀರನ್ನು ಬಿಟ್ಟು, ಅದು ಯಾವ ಚೇಂಬರಿನಲ್ಲಿ, ಎಷ್ಟು ಹೊತ್ತಿಗೆ ಕಾಣಿಸುತ್ತದೆ ಎಂಬುದನ್ನು ನೀವೇ ನಿಂತು ನೋಡಿ. ಬಣ್ಣ ಎಲ್ಲಿಯೂ ಕಾಣಿಸದಿದ್ದರೆ ಅಥವಾ ಮಳೆನೀರಿನ ಚರಂಡಿಯಲ್ಲಿ ಕಾಣಿಸಿದರೆ ಅಲ್ಲಿಗೇ ಮಾತುಕತೆಯನ್ನು ನಿಲ್ಲಿಸಿ, ಮಾಲೀಕರಿಂದ ವಿವರಣೆ ಕೇಳಿ. ಮನೆ ಬಹಳ ದಿನ ಬೀಗ ಹಾಕಿದ್ದರೆ ಲೈನು ಒಣಗಿ ಸ್ವಚ್ಛವಾಗಿರುವಂತೆ ಕಾಣುತ್ತದೆ, ಆದ್ದರಿಂದ ಇಪ್ಪತ್ತು ಬಕೆಟ್ಟಾದರೂ ನೀರನ್ನು ಒಟ್ಟೊಟ್ಟಿಗೆ ಸುರಿಸಬೇಕು. ಚೇಂಬರಿನ ಒಳಗೋಡೆಯ ಮೇಲೆ, ಪೈಪಿನ ಬಾಯಿಗಿಂತ ಎಷ್ಟೋ ಮೇಲೆ ಕೊಳೆಯ ಗೆರೆಯೊಂದು ಕಂಡರೆ, ಹಿಂದೆ ಅಲ್ಲಿಯವರೆಗೆ ನೀರು ನಿಂತಿತ್ತೆಂದೇ ಅರ್ಥ.

ಇದಾದ ಮೇಲೆ ಕ್ಯಾಮೆರಾ. ಉದ್ದದ ಕೇಬಲ್ಲಿನ ತುದಿಗೆ ಕಟ್ಟಿದ ಸಣ್ಣ ಕ್ಯಾಮೆರಾವನ್ನು ಪೈಪಿನೊಳಗೆ ಬಿಟ್ಟು ಚಿತ್ರೀಕರಿಸಿಕೊಡುವವರು ಬೆಂಗಳೂರಿನಲ್ಲಿದ್ದಾರೆ. ಕೆಸರು ತುಂಬಿದ ಪೈಪಿನಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ಮೊದಲು ಜೆಟ್ಟಿಂಗ್ (ಒತ್ತಡದ ನೀರು ಹಾಯಿಸಿ ತೊಳೆಯುವುದು) ಮಾಡಿಸಬೇಕಾಗುತ್ತದೆ. ಚಿತ್ರದ ಮೂಲೆಯಲ್ಲಿ ಎಷ್ಟು ಮೀಟರ್ ಒಳಗೆ ಹೋಗಿದೆ ಎಂಬ ಅಂಕಿ ಮೂಡುವಂತಿರಲಿ. ಆಗ ಬೇರು ಅಥವಾ ಬಿರುಕು ಇರುವ ಜಾಗವನ್ನು ನೆಲದ ಮೇಲೆ ಗುರುತು ಹಾಕಬಹುದು. ಗಮನಿಸಬೇಕಾದ ಇನ್ನೊಂದು ಅಂಶ ವಾಟ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ, ಆರು ಇಂಚಿನದಕ್ಕೆ 60 ಅಡಿಗೆ ಒಂದು ಅಡಿ ಇಳಿತವಿರಬೇಕೆಂಬುದು ಹಳೆಯ ಲೆಕ್ಕ. ಕ್ಯಾಮೆರಾ ಹೋಗುತ್ತಾ ಹೋಗುತ್ತಾ ಮಧ್ಯದಲ್ಲಿ ನೀರಿನಲ್ಲಿ ಮುಳುಗಿ ಮತ್ತೆ ಮೇಲೆದ್ದರೆ ಅಲ್ಲಿ ಪೈಪು ತಗ್ಗಿದೆ. ಅದನ್ನು ಎಷ್ಟು ಸಲ ತೊಳೆಸಿದರೂ ಪ್ರಯೋಜನವಿಲ್ಲ, ಅಗೆದು ಹೊಸದಾಗಿ ಹಾಕಿಸಬೇಕು.

ನಮ್ಮ ಮನೆಗೆ ನೀರು ನುಗ್ಗಲು ಬೇರಿನಷ್ಟೇ ದೊಡ್ಡ ಕಾರಣ ಮತ್ತೊಂದಿತ್ತು. ವರ್ಷ ವರ್ಷ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗಿ, ರಸ್ತೆಯ ಮ್ಯಾನ್‌ಹೋಲಿನ ಮುಚ್ಚಳ ನಮ್ಮ ಬಚ್ಚಲಿನ ನೆಲಕ್ಕಿಂತ ಮೇಲಿತ್ತು. ಬೀದಿಯ ಎಷ್ಟೋ ಮನೆಗಳವರು ತಾರಸಿಯ ಮಳೆನೀರನ್ನು ಬೀದಿಯ ಒಳಚರಂಡಿಗೆ ಬಿಟ್ಟಿದ್ದರಿಂದ (ಇದು ನಿಯಮಕ್ಕೆ ವಿರುದ್ಧ) ಮಳೆ ಬಂದಾಗ ಮುಖ್ಯ ಲೈನು ತುಂಬುತ್ತಿತ್ತು, ತುಂಬಿದ ನೀರು ತಗ್ಗಿನ ಕಡೆಗೆ, ಎಂದರೆ ನಮ್ಮ ಕಡೆಗೆ ಬರುತ್ತಿತ್ತು. ಹಾಗಾಗಿ ಲೆವೆಲ್ ಪೈಪು ಹಿಡಿಸಿ ಈ ಎರಡು ಎತ್ತರಗಳನ್ನು ಅಳೆಸಿರಿ. ನಿಮ್ಮದು ಕೆಳಗಿದ್ದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿಸುವ ಖರ್ಚನ್ನೂ, ಅದನ್ನು ಆಗಾಗ ತೆಗೆದು ತೊಳೆಸುವ ಜವಾಬ್ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾವ ಕಾರಣಕ್ಕೂ ಮ್ಯಾನ್‌ಹೋಲಿನೊಳಗೆ ಯಾರನ್ನೂ ಇಳಿಸಬೇಡಿ. "ನಮ್ಮ ಹುಡುಗ ಇಳಿದು ಒಂದೇ ನಿಮಿಷದಲ್ಲಿ ನೋಡಿ ಬರುತ್ತಾನೆ ಸಾರ್" ಎಂದು ಹೇಳುವವರು ಈಗಲೂ ಇದ್ದಾರೆ. ಒಳಗಿನ ವಿಷಾನಿಲ ಆ ಒಂದು ನಿಮಿಷದಲ್ಲೇ ಜೀವ ತೆಗೆಯಬಲ್ಲದು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಸುರಕ್ಷತಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ ಕೂಡ. ರಸ್ತೆಯ ಮ್ಯಾನ್‌ಹೋಲ್ ಜಲಮಂಡಳಿಯದು. ಅದು ಕಟ್ಟಿಕೊಂಡಿದ್ದರೆ 1916ಕ್ಕೆ ಕರೆ ಮಾಡಿ, ಯಂತ್ರ ಬರಲಿ.

ದೋಷ ಕಂಡುಬಂದರೆ ಮನೆಯನ್ನು ಬಿಡಬೇಕೆಂದೇನೂ ಇಲ್ಲ. ಪೈಪು ಬದಲಿಸುವ ಕೂಲಿ, ನೆಲದ ಟೈಲ್ಸ್ ಮತ್ತೆ ಹಾಕಿಸುವ ಖರ್ಚು, ರಸ್ತೆ ಅಗೆಯಲು ಬೇಕಾದ ಅನುಮತಿಯ ಶುಲ್ಕ ಇವನ್ನೆಲ್ಲ ಇಬ್ಬರು ಗುತ್ತಿಗೆದಾರರಿಂದ ಬರೆಸಿಕೊಂಡು, ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಇಲ್ಲವೇ ನೋಂದಣಿಗೆ ಮೊದಲು ಮಾಲೀಕರೇ ಸರಿಪಡಿಸಿ ಕೊಡಬೇಕೆಂದು ಕರಾರಿನಲ್ಲಿ ಸೇರಿಸಿ.

ಹಿರಿಯರು ಬೇಸರಪಟ್ಟಾರೇ ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಮೂರು ವರ್ಷಗಳ ಹಿಂದೆ ನನ್ನ ತಂಗಿ ಮನೆ ಕೊಳ್ಳುವಾಗ, ಎಂಬತ್ತು ದಾಟಿದ ಮಾಲೀಕರೊಬ್ಬರಲ್ಲಿ ಇದನ್ನು ಕೇಳಲು ನಾನೂ ಹಿಂಜರಿದಿದ್ದೆ. "ನಮಗೆ ಹಿಂದೊಮ್ಮೆ ತುಂಬ ತೊಂದರೆಯಾಗಿದೆ, ನೀವು ಹಿರಿಯರು, ನಿಮ್ಮ ಎದುರಿನಲ್ಲೇ ನೋಡಿಬಿಡುತ್ತೇವೆ" ಎಂದೆ. ಅವರು ಒಳಗೆ ಹೋಗಿ ಹಾರೆ ತಂದು ಪ್ಲಂಬರಿನ ಕೈಗೆ ಕೊಟ್ಟರು. ನಾವು ಎರಡು ಚೇಂಬರುಗಳನ್ನು ತೆಗೆಸಿ ಅಷ್ಟೇ ಇರುವುದೆಂದುಕೊಂಡಿದ್ದಾಗ, ಹಿತ್ತಲಿನ ತುಳಸಿಕಟ್ಟೆಯ ಪಕ್ಕದ ಕಲ್ಲುಚಪ್ಪಡಿಯನ್ನು ಕೋಲಿನಿಂದ ತಟ್ಟಿ, "ಇದರ ಕೆಳಗೆ ಇನ್ನೊಂದಿದೆಯಪ್ಪ, ಮಗಳ ಮದುವೆಯಲ್ಲಿ ಅಂಗಳ ಚೆನ್ನಾಗಿ ಕಾಣಲೆಂದು ಮುಚ್ಚಿಸಿದ್ದೆವು" ಎಂದರು. ಲೈನು ಕಟ್ಟಿಕೊಂಡಿದ್ದದ್ದು ಆ ಚೇಂಬರಿನಲ್ಲೇ.