"ಒಂದೇ ಒಂದು ರೈಡ್ ಬಾ ಗುರು"

ಗುರುತು ಸಿಗಬಾರ್ದು ಅಂತ ವಯಸ್ಸು, ಮನೆ ವಿವರ ಎಲ್ಲ ಸ್ವಲ್ಪ ಬದಲಾಯಿಸಿದೀನಿ. ಹುಡುಗನ ಒಪ್ಪಿಗೆ ಇದೆ. ರೈಡರ್ (ಕಬಡ್ಡೀಲಿ ಎದುರಾಳಿ ಅಂಕಣಕ್ಕೆ ನುಗ್ಗಿ ಮುಟ್ಟಿ ಬರೋನು) ಅಂತಲೇ ಕರೀತೀನಿ.

ಮಂಡ್ಯ ಕಡೆಯವನು, 24 ವರ್ಷ. ನನ್ನ ಹತ್ರ ಕೌನ್ಸೆಲಿಂಗ್‌ಗೆ ಕರ್ಕೊಂಡು ಬಂದಿದ್ದು ಅವರಮ್ಮ. "ಊಟ ಸರಿಯಾಗಿ ಮಾಡಲ್ಲ, ಯಾರ ಹತ್ರನೂ ಮಾತಿಲ್ಲ, ಇವನ ಮುಂದೆ ಕಬಡ್ಡಿ ಹೆಸ್ರು ಮಾತ್ರ ಎತ್ಬೇಡಿ ಮೇಡಂ" ಅಂದ್ರು. ಊರಹಬ್ಬಕ್ಕೆ ರಾತ್ರಿ ಲೈಟ್ ಹಾಕಿ ಟೂರ್ನಮೆಂಟ್ ಆಡಿಸ್ತಾರಲ್ಲ, ಅದರಲ್ಲಿ ಮೂರು ಜನ ಹಿಡಿದಿದ್ರೂ ಗೆರೆ ಮುಟ್ಟೇ ಮುಟ್ತೀನಿ ಅಂತ ಎಳೆದಾಡಿದಾನೆ, ಪಾದ ಮಣ್ಣಲ್ಲೇ ನಿಂತೋಯ್ತು ಮೈ ಮಾತ್ರ ತಿರುಗ್ತು, ಎಡ ಮಂಡಿ ಎಸಿಎಲ್ (ಮಂಡಿ ಒಳಗಿನ ಮುಖ್ಯ ಲಿಗಮೆಂಟ್) ಹರಿದು ಮೆನಿಸ್ಕಸ್ಸೂ (ಮೂಳೆಗಳ ಮಧ್ಯೆ ಇರೋ ಮೆತ್ತೆ) ಹೋಯ್ತು. ಆಪರೇಷನ್ ಆಗಿ ಹತ್ತು ತಿಂಗಳು. ನಡೀಬಹುದು, ಸೈಕಲ್ ತುಳೀಬಹುದು, ರೈಡ್ ಮಾತ್ರ ಬೇಡ ಅಂದಿದಾರೆ ಡಾಕ್ಟ್ರು. (ಎಸಿಎಲ್ ಆಪರೇಷನ್ ಆದ ಎಷ್ಟೋ ಜನ ಒಂಬತ್ತು ತಿಂಗಳು, ವರ್ಷದ ಮೇಲೆ ವಾಪಸ್ ಆಡ್ತಾರೆ. ಇವನಿಗೆ ಮೆನಿಸ್ಕಸ್ ಬಹುಪಾಲು ತೆಗೆದುಬಿಟ್ಟಿದ್ರು. ಇದನ್ನ ಓದಿ ನಿಮ್ಮ ಮಂಡಿ ಬಗ್ಗೆ ತೀರ್ಮಾನ ಮಾಡ್ಕೋಬೇಡಿ.)

ಅಮ್ಮನ್ನ ಹೊರಗೆ ಕೂರಿಸಿ ಮೊದಲು ನೇರವಾಗಿ ಕೇಳಿದ್ದು, ಸಾಯ್ಬೇಕು ಅನ್ಸುತ್ತಾ ಅಂತ. ಇಲ್ಲ ಅಂದ. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಫೋನಲ್ಲಿ ಸೇವ್ ಮಾಡಿಸಿದೆ.

ಆಮೇಲೆ ನಾನೊಂದು ತಪ್ಪು ಮಾಡಿದೆ. ಆಡೋಕಾಗದಿದ್ರೆ ಕೋಚ್ ಆಗ್ಬಹುದಲ್ಲ ಅಂದ್ಬಿಟ್ಟೆ. ಮುಖ ಗಂಟಾಯ್ತು. "ಗೊತ್ತು ಮೇಡಂ, ನಮ್ಮ ಬಿ.ಸಿ. ರಮೇಶಣ್ಣ ಕೋಚ್ ಆಗಿ 2019ರಲ್ಲಿ ಪ್ರೊ ಕಬಡ್ಡೀಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಸಿದ್ರು, ಆಮೇಲೆ ಪುಣೇರಿ ಪಲ್ಟನ್‌ಗೂ ಗೆಲ್ಸಿದ್ರು. ಅವ್ರು ಇಂಡಿಯಾಗೆ ಆಡಿ, ಅರ್ಜುನ ತಗೊಂಡು, ಹೊಟ್ಟೆ ತುಂಬ ಉಂಡು ಎದ್ದವ್ರು. ನನ್ನನ್ನ ಎಲೆ ಹಾಕಿ ಅನ್ನ ಬಡಿಸೋ ಮುಂಚೆ ಎಬ್ಬಿಸ್ಬಿಟ್ರು." ನಾನು ಬಾಯಿ ಮುಚ್ಕೊಂಡೆ. ಎರಡನೇ ಸಲ ಬಂದಾಗ ಪೂರ್ತಿ ಹೊತ್ತು ಆ ಎಲೆ ಬಗ್ಗೆನೇ ಮಾತಾಡಿದ್ವಿ, ಅವನು ಅತ್ತುಬಿಟ್ಟ ಕೂಡ.

ಮೂರನೇ ಸಲ, ಮೂಲೇಲಿ ನಿಂತು ಡಿಫೆಂಡ್ ಮಾಡೋ ಕಾರ್ನರ್ ಆಟಗಾರ ಆಂಕಲ್ (ಪಾದದ ಗಿಣ್ಣು) ಹಿಡೀತಾನೆ ಅಂತ ರೈಡರ್‌ಗೆ ಮೊದಲೇ ಹೇಗೆ ಗೊತ್ತಾಗುತ್ತೆ ಅಂತ ಸುಮ್ನೆ ಕೇಳಿದೆ. ಎದ್ದ. ನನ್ನ ರೂಮಿನ ಟೈಲ್ಸ್ ಗೆರೆನೇ ಬೋನಸ್ ಲೈನು, ಎರಡು ಕುರ್ಚಿಗಳೇ ಡಿಫೆಂಡ್ ಮಾಡೋ ಕವರ್ ಆಟಗಾರರು. "ನೋಡಿ, ಇವ್ನು ಕೈ ಆಡಿಸ್ತಾನೆ, ಅದನ್ನ ನಂಬ್ಬಾರ್ದು, ಹಿಂದಿನ ಹಿಮ್ಮಡಿ ಎದ್ದಿತಾ ನೋಡ್ಬೇಕು." ಹತ್ತು ನಿಮಿಷ ನಿಲ್ಲಿಸ್ಲೇ ಇಲ್ಲ. ಹೊರಗಿದ್ದ ಅವರಮ್ಮ ಗಾಬರಿಯಾಗಿ ಬಾಗಿಲು ತೆಗೆದು ಇಣುಕಿದ್ರು, ಮಗ ನಗ್ತಾ ಇದ್ದ.

ಅಲ್ಲಿಂದ ಸಲಹೆ ಶುರು. ಸುಮ್ನೆ ಮ್ಯಾಚ್ ನೋಡೋಕೆ ಹೋಗ್ಬೇಡ ಅಂದೆ, ಕೈಲಿ ಕೆಲಸ ಇಲ್ದೆ ಗೆರೆ ಹೊರಗೆ ನಿಂತ್ರೆ ಕಾಲು ತಾನಾಗೇ ಒಳಗೆ ಹೋಗುತ್ತೆ. ಕಬಡ್ಡೀಲಿ ಅಸಿಸ್ಟೆಂಟ್ ಸ್ಕೋರರ್ ಅಂತ ಇರ್ತಾರೆ, ಔಟಾದವರು ಯಾವ ಕ್ರಮದಲ್ಲಿ ಔಟಾದ್ರೋ ಅದೇ ಕ್ರಮದಲ್ಲಿ ಒಳಗೆ ಬರ್ಬೇಕು, ಅದನ್ನ ಬರ್ಕೊಳ್ಳೋರು ಅವರೇ. ಯಾರೂ ನಂಗೆ ಬೇಕು ಅಂತ ಜಗಳ ಆಡದ ಕೆಲಸ, ಅದನ್ನೇ ಕೇಳಿ ಇಸ್ಕೋ ಅಂದೆ. ಒಂದೇ ಮ್ಯಾಚ್, ನಲವತ್ತು ನಿಮಿಷ, ಮುಗಿದ ತಕ್ಷಣ ಮನೆಗೆ. ಫೈನಲ್ ಬೇಡ. ಮಕ್ಕಳಿಗೆ ಹೇಳ್ಕೊಡೋದು, ಅಂಪೈರಿಂಗ್ ಎಲ್ಲ ಆಮೇಲೆ, ಅವನೇ ಬಾಯಿಬಿಟ್ರೆ.

ನಿಜವಾದ ಅಪಾಯ ಗೆಳೆಯರು. ಪ್ರೀತಿಗೇ ಕರೀತಾರೆ, "ಒಂದೇ ಒಂದು ರೈಡ್ ಬಾ ಗುರು, ಏನಾಗಲ್ಲ." ಅದಕ್ಕೆ ಉತ್ತರ ರೂಮಲ್ಲೇ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿದೆ: "ಮಂಡಿ ನಿಂದಾ? ಮುಚ್ಕೊಂಡು ಆಡು." ಅವನದೇ ಮಾತು, ನಾನು ತಿದ್ದಲಿಲ್ಲ. ಅಮ್ಮನಿಗೆ ಹೇಳಿದ್ದು ಇಷ್ಟೇ, ಅವನ ಜೆರ್ಸಿ ಬೀರುವಿನ ಮೇಲಿಂದ ಕೆಳಗಿಳಿಸಿ, ಕಬಡ್ಡಿ ಹೆಸ್ರು ನೀವೇ ಎತ್ತಿ. ಅವ್ರು ಪೂರ್ತಿ ಒಪ್ಪಿಲ್ಲ, ಜೆರ್ಸಿ ಮಾತ್ರ ಇಳಿಸಿದಾರೆ.

ಹೋದ ವಾರ ವಾಯ್ಸ್ ಮೆಸೇಜ್ ಬಂತು, ಹಿಂದೆ ವಿಜಿಲ್ ಸದ್ದು. "ಮೇಡಂ, ಎರಡನೇ ಔಟಾದೋನ್ನ ಬಿಟ್ಟು ಮೂರನೆಯೋನು ಒಳಗೆ ಬಂದ್ಬಿಟ್ಟಿದ್ದ, ನಾನೇ ಹಿಡ್ದಿದ್ದು! ಎಲ್ಲಾ ಬೈಕೊಂಡ್ರು." ಮನೆಗೆ ಹೋದ್ಯಾ ಅಂತ ಕೇಳಿದೆ. ಫೈನಲ್ ಇನ್ನೂ ಅರ್ಧ ಗಂಟೆ ಇತ್ತಂತೆ, ಬಸ್ ಹತ್ತಿದೀನಿ, ಕಿಟಕಿ ಕಡೆ ತಿರುಗಿ ಕೂತಿದೀನಿ ಅಂತ ಬರೆದ. ಗುರುವಾರ ಬರ್ತಾನೆ.